ಮಗುವಿನ ಮೊದಲ ಸ್ಕೇಟ್‌ಬೋರ್ಡನ್ನು ಆಟಿಕೆ ಅಂಗಡಿಯಲ್ಲಿ ಕೊಳ್ಳಬೇಡಿ

ಎಂಟು ವರ್ಷದ ಮಗಳ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ನಮ್ಮ ಬಡಾವಣೆಯ ಆಟಿಕೆ ಅಂಗಡಿಯಿಂದ ನಾನು ತಂದ ಸ್ಕೇಟ್‌ಬೋರ್ಡಿನಿಂದ ಬಿದ್ದು, ಹನ್ನೊಂದನೆಯ ದಿನ ಅವಳ ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಅವಳು ಯಾವ ಸಾಹಸವನ್ನೂ ಮಾಡುತ್ತಿರಲಿಲ್ಲ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ನೇರವಾಗಿ ಸಾಗುತ್ತಿದ್ದಾಗ ಕಡಲೆಕಾಳಿನಷ್ಟು ದಪ್ಪದ ಕಲ್ಲೊಂದು ಮುಂದಿನ ಚಕ್ರಕ್ಕೆ ಸಿಕ್ಕಿತು; ಹಲಗೆ ಅಲ್ಲೇ ನಿಂತಿತು, ಮಗಳು ಮುಂದಕ್ಕೆ ಮುಗ್ಗರಿಸಿ ಅಂಗೈ ಊರಿ ಬಿದ್ದಳು. ಹೆಲ್ಮೆಟ್ ಹಾಕಿಸಿದ್ದೆ. ಬೀಳುವವರು ಮೊದಲು ಊರುವುದು ಕೈಯನ್ನೇ ಆದ್ದರಿಂದ ಮಣಿಕಟ್ಟಿಗೂ ಕವಚ ಬೇಕೆಂಬುದು ನನಗೆ ಹೊಳೆದಿರಲಿಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ಸ್ಕೇಟ್‌ಬೋರ್ಡ್ ಬೇಡ, ಆರರಿಂದ ಹತ್ತು ವರ್ಷದವರು ದೊಡ್ಡವರ ಕಣ್ಗಾವಲಿನಲ್ಲೇ ಆಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ನಾನು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದೆ. ಆದರೂ ಅಂಥ ಚಕ್ರದ ಮುಂದೆ ನನ್ನ ಕಾವಲು ಏನೂ ಮಾಡಲಾಗಲಿಲ್ಲ.

ಆಮೇಲೆ ಸ್ಪ್ಯಾನರ್ ಹಿಡಿದು ಅದನ್ನು ಬಿಚ್ಚಿ ನೋಡಿದೆ. ಚಕ್ರಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಒಳ್ಳೆಯ ಸ್ಕೇಟ್‌ಬೋರ್ಡುಗಳಿಗೆ 1970ರ ದಶಕದಿಂದಲೂ ಪಾಲಿಯುರಿಥೇನ್ ಎಂಬ ರಬ್ಬರಿನಂಥ ವಸ್ತುವಿನ ಚಕ್ರಗಳನ್ನು ಹಾಕುತ್ತಾರೆ; ಅವು ನೆಲಕ್ಕೆ ಕಚ್ಚಿಕೊಳ್ಳುತ್ತವೆ, ಸಣ್ಣ ಹರಳು ಸಿಕ್ಕರೆ ತುಸು ತಗ್ಗಿ ಅದನ್ನು ಹತ್ತಿ ದಾಟುತ್ತವೆ. ಅದರಲ್ಲೂ ನಮ್ಮ ತರಿತರಿ ಸಿಮೆಂಟು ನೆಲಕ್ಕೆ 78ಎಯಿಂದ 87ಎವರೆಗಿನ ಮೆದು ಚಕ್ರಗಳೇ ಬೇಕು (ಇದು ಚಕ್ರದ ಗಡಸುತನದ ಅಳತೆ; ಅಂಕಿ ಕಡಿಮೆಯಾದಷ್ಟೂ ಚಕ್ರ ಮೆದು). 99ಎಯಂಥ ಗಟ್ಟಿ ಚಕ್ರಗಳು ನುಣುಪಾದ ಸ್ಕೇಟ್ ಪಾರ್ಕಿಗೆ ಸರಿ. ಚಕ್ರಗಳನ್ನು ಹಿಡಿದಿಡುವ ಟ್ರಕ್ ಅಲ್ಯೂಮಿನಿಯಮ್ಮಿನದಾಗಿರಬೇಕಿತ್ತು, ಇದರಲ್ಲಿ ಅದೂ ಪ್ಲಾಸ್ಟಿಕ್ಕೇ. ಅದರ ನಡುವಿನ ಬುಶಿಂಗ್, ಅಂದರೆ ವಾಲಿದಾಗ ಅದುಮಿಕೊಳ್ಳಬೇಕಾದ ರಬ್ಬರಿನಂಥ ಉಂಗುರ, ಕಲ್ಲಿನಂತಿದ್ದುದರಿಂದ ಎಷ್ಟು ವಾಲಿದರೂ ಹಲಗೆ ತಿರುಗುತ್ತಿರಲಿಲ್ಲ. ತಿರುಗಲು ಬಾರದ್ದು ತನ್ನದೇ ತಪ್ಪೆಂದು ಮಗಳು ಅಷ್ಟು ದಿನ ಬೇಸರಪಟ್ಟಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೋರ್ಡನ್ನು ಅಂಗಡಿಗೆ ಒಯ್ದು ತೋರಿಸಿದಾಗ ಅಲ್ಲಿಯವರು, "ಇದು ಆಟದ ಸಾಮಾನು ಮೇಡಂ, ನಿಜವಾಗಿ ಓಡಿಸೋಕಲ್ಲ" ಎಂದರು. ಪೆಟ್ಟಿಗೆಯ ಮೇಲಿದ್ದುದು ಹಲಗೆಯ ಸಮೇತ ಗಾಳಿಯಲ್ಲಿ ನೆಗೆಯುತ್ತಿರುವ ಹುಡುಗನ ಚಿತ್ರ.

ಆದ್ದರಿಂದ ದಯವಿಟ್ಟು ಹಣ ಕೊಡುವ ಮೊದಲು ಪೆಟ್ಟಿಗೆ ತೆಗೆಸಿ ನೋಡಿ. ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಅದು ಎರಡು ಸುತ್ತಿಗೇ ನಿಲ್ಲದೆ ಬಹಳ ಹೊತ್ತು ತಿರುಗಬೇಕು. ಹಲಗೆಯ ಅಂಚಿನಲ್ಲಿ ಮೇಪಲ್ ಮರದ ಏಳು ಪದರಗಳು ಎಣಿಸಲು ಸಿಗಬೇಕು. ಮಗುವನ್ನೇ ಅದರ ಮೇಲೆ ನಿಲ್ಲಿಸಿ, ಕೈ ಹಿಡಿದುಕೊಂಡು ಒಂದು ಪಕ್ಕಕ್ಕೆ ವಾಲಿಸಿದರೆ ಹಲಗೆಯೂ ಆ ಕಡೆಗೆ ಬಾಗಬೇಕು. ಬಣ್ಣ, ಚಿತ್ರ, ಮಿನುಗುವ ದೀಪ ಯಾವುದೂ ಲೆಕ್ಕಕ್ಕಿಲ್ಲ.

ಪ್ಲಾಸ್ಟರ್ ಬಿಚ್ಚಿ ವೈದ್ಯರು ಒಪ್ಪಿದ ಮೇಲೆ, ಸ್ಕೇಟಿಂಗ್ ಸಾಮಾನನ್ನೇ ಮಾರುವ ಅಂಗಡಿಯಿಂದ ಏಳೂವರೆ ಇಂಚು ಅಗಲದ ಹಲಗೆಗೆ ಮೆದು ಚಕ್ರ ಹಾಕಿಸಿ, ಮಣಿಕಟ್ಟಿನ ಕವಚವನ್ನೂ ಕೊಂಡು ತಂದೆ. ಹಳೆಯದು ಬೇರೊಂದು ಮಗುವಿನ ಕೈಗೆ ಸಿಗಬಾರದೆಂದು ಗರಗಸದಿಂದ ಎರಡು ತುಂಡು ಮಾಡಿ ಕಸದವರಿಗೆ ಕೊಟ್ಟೆ.