ಮೊನೊ ಸಾಕಾ, 5.1 ಬೇಕಾ?

ವಿಡಿಯೊ ಎಡಿಟಿಂಗ್‌ನಲ್ಲಿ ಮೊನೊ (ಒಂದೇ ಚಾನೆಲ್, ಅಂದ್ರೆ ದನಿಯ ಒಂದೇ ಹಾದಿ) ಅಂದ್ರೆ ಹಳೇದು, 5.1ರಂಥ ಸರೌಂಡ್ (ಸುತ್ತಲಿಂದ ಕೇಳುವ ದನಿ) ಅಂದ್ರೆ ಮೇಲು ಅಂತ ಸುಮ್ನೆ ತೀರ್ಮಾನ ಮಾಡಬೇಡಿ.

ಕಳೆದ ಮಳೆಗಾಲ ಮಡಿಕೇರಿ ಹತ್ತಿರದ ತೋಟದ ಮನೆ ಜಗಲಿಯಲ್ಲಿ ಒಬ್ಬ ಅಜ್ಜಿಯ ಮಾತನ್ನು ಕಾಲರ್ ಮೈಕ್‌ನಲ್ಲಿ ಹಿಡಿದೆ. ಟೈಮ್‌ಲೈನ್‌ಗೆ (ಎಡಿಟಿಂಗ್‌ನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಹಾಕಿ ಕೇಳಿದರೆ ಎಡಗಿವಿಯಲ್ಲಿ ಮಾತ್ರ ಅಜ್ಜಿ, ಬಲಗಿವಿ ಖಾಲಿ! ದನಿ ಒಂದೇ ಚಾನೆಲ್‌ನಲ್ಲಿ ಕೂತಿತ್ತು, ಅಷ್ಟೆ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಾದರೆ ಕ್ಲಿಪ್ಪನ್ನು ಟೈಮ್‌ಲೈನ್‌ಗೆ ಎಳೆಯುವ ಮೊದಲೇ ಮಾಡಿಫೈ ಮೆನುವಿನ ಆಡಿಯೊ ಚಾನೆಲ್ಸ್‌ನಲ್ಲಿ, ಡಾವಿಂಚಿ ರಿಸಾಲ್ವ್‌ನಲ್ಲಾದರೆ ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಮೊನೊ ಮಾಡಿ, ದನಿ ಇರುವ ಚಾನೆಲ್ ಆರಿಸಿ. ಎರಡೂ ಕಿವಿಗೆ ಬರುತ್ತದೆ. ಒಬ್ಬರ ಮಾತಿಗೆ ಇಷ್ಟು ಸಾಕು.

5.1 ಅಂದ್ರೆ ಆರು ಚಾನೆಲ್: ಮುಂದೆ ಎಡ, ಬಲ, ನಡು, ಪಕ್ಕಕ್ಕೋ ಹಿಂದಕ್ಕೋ ಎರಡು, ಗುಡುಗಿನಂಥ ಕೆಳದನಿಗೆ ಒಂದು. ಪುತ್ತರಿ ಕೋಲಾಟದ ಮಂದ್‌ನಲ್ಲಿ (ಊರ ಮೈದಾನದಲ್ಲಿ) ನಿಂತ ಹಾಗೆ, ಸುತ್ತ ಕೋಲು, ಹಿಂದೆ ಜನ, ಇದು ಬೇಕಿದ್ದರೆ 5.1ಕ್ಕೆ ಅರ್ಥ ಇದೆ. ಆದರೆ ಒಂದೇ ಮೈಕ್‌ನ ದನಿಯನ್ನು ಆರು ಕಡೆ ಹಂಚಿದರೆ ಅದು ಸರೌಂಡ್ ಆಗುವುದಿಲ್ಲ, ಮಾತು ಮಸುಕಾಗುತ್ತದೆ. ಮಾತನ್ನು ನಡು ಚಾನೆಲ್‌ನಲ್ಲೇ ಇಡಿ. 5.1ಕ್ಕೆ ಡಿಸ್ಕ್‌ನಲ್ಲಿ ಜಾಗವೂ ಜಾಸ್ತಿ ಬೇಕು: 48 ಕಿಲೋಹರ್ಟ್ಜ್, 24 ಬಿಟ್ ವೇವ್ ಫೈಲ್ ಮೊನೊದಲ್ಲಿ ನಿಮಿಷಕ್ಕೆ ಸುಮಾರು 8.6 ಎಂಬಿ, ಆರು ಚಾನೆಲ್ಲಿಗೆ ಸುಮಾರು 52.

ಇನ್ನು ನೋಡುವವರು? ಹೆಚ್ಚಿನವರು ಫೋನಿನಲ್ಲೇ ಅಲ್ವಾ. ಅದಕ್ಕೇ ನಾನು ಸ್ಟೀರಿಯೊ (ಎಡ, ಬಲ ಎರಡು ಚಾನೆಲ್) ಟೈಮ್‌ಲೈನ್ ಇಟ್ಟು, ಮಾತಿಗೆ ಮೊನೊ ಕ್ಲಿಪ್, ಹೆಂಚಿನ ಮೇಲಿನ ಮಳೆಗೆ ಸ್ಟೀರಿಯೊ ಬಳಸುತ್ತೇನೆ. ಥಿಯೇಟರ್‌ನಲ್ಲಿ ತೋರಿಸುವುದಿದ್ದರೆ ಮಾತ್ರ 5.1, ಅದೂ ಆರು ಸ್ಪೀಕರ್ ಇರುವ ಕೋಣೆಯಲ್ಲಿ ಕೂತು.