ಗದ್ದೆ ಅಂಚಿನ ಹಳದಿ ಹೂ: ಆಪ್, ಪುಸ್ತಕ, ಲೆನ್ಸ್ – ಯಾವುದು ಮೇಲು?

ಮಳೆ ಹಿಡಿದ ಮೇಲೆ ಕೆರೆ ಅಂಚು, ಗದ್ದೆ ಬದು, ಚರಂಡಿ ಪಕ್ಕ ಎಲ್ಲೆಲ್ಲೂ ನಾಲ್ಕು ಎಸಳಿನ ಹಳದಿ ಹೂ. ಇದು ಲುಡ್ವಿಜಿಯಾ ಅನ್ನೋ ಕುಲದ (ಹತ್ತಿರದ ಸಂಬಂಧಿ ಗಿಡಗಳ ಗುಂಪಿನ) ಗಿಡ ಅಂತ ಹೇಳೋದು ಸುಲಭ. ಯಾವ ಲುಡ್ವಿಜಿಯಾ ಅನ್ನೋದೇ ತಲೆನೋವು. ನಾನು ಹುಡುಕುತ್ತಿದ್ದದ್ದು ಅದರಲ್ಲಿ ಆಕ್ಟೋವಾಲ್ವಿಸ್ ಅನ್ನೋ ಜಾತಿ. ಬುಡ ಕಟ್ಟಿಗೆಯಾಗಿ ವರ್ಷಗಟ್ಟಲೆ ನಿಲ್ಲುವ ನಮ್ಮ ನೆಲದ್ದೇ ಗಿಡ. ಅದಕ್ಕೆ ಮೂರು ದಾರಿಯನ್ನೂ ಹಿಡಿದು ನೋಡಿದೆ.

ಫೋನ್ ಆಪ್ ಬಲು ಚುರುಕು. ಲುಡ್ವಿಜಿಯಾ ಅನ್ನುವವರೆಗೆ ನಂಬಬಹುದು. ಆಮೇಲೆ ಸುಮ್ನೆ ಊಹೆ. ಒಂದೇ ಗಿಡದ ಫೋಟೋ ಪಕ್ಕದಿಂದ ತೆಗೆದರೆ ಒಂದು ಹೆಸರು, ಮೇಲಿಂದ ತೆಗೆದರೆ ಇನ್ನೊಂದು. ಕಾಯಿಯ ಫೋಟೋ ಕೊಟ್ಟಾಗ ಉತ್ತರ ಪರವಾಗಿಲ್ಲ.

ಸಸ್ಯಶಾಸ್ತ್ರದ ಪುಸ್ತಕ ನಂಬಿಕಸ್ಥ, ಆದರೆ ತಾಳ್ಮೆ ಬೇಡುತ್ತದೆ. ಹಳೆಯ ಪುಸ್ತಕಗಳಲ್ಲಿ ಇದು ಲುಡ್ವಿಜಿಯಾ ಪುಟದಲ್ಲಿ ಸಿಗಲ್ಲ, ಜುಸ್ಸಿಯಾ ಅನ್ನೋ ಹಳೆಯ ಹೆಸರಲ್ಲಿ ಹುಡುಕಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು (ಒಣಗಿಸಿದ ಗಿಡಗಳ ಸಂಗ್ರಹಾಲಯದವರು) ಕರ್ನಾಟಕದ ಗಿಡಗಳ ಮಾಹಿತಿಯನ್ನು ಆನ್‌ಲೈನ್‌ನಲ್ಲೇ ಇಟ್ಟಿದ್ದಾರೆ. ನನಗೆ ಅದೇ ಜಾಸ್ತಿ ಅನುಕೂಲ.

ನನ್ನ ಓಟು ಮಾತ್ರ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್‌ಗೆ, ಜೊತೆಗೊಂದು ಬ್ಲೇಡಿಗೆ. ಮೊದಲು ಕೇಸರ ಎಣಿಸಿ. ನಾಲ್ಕೇ ಇದ್ದರೆ ಸಾಮಾನ್ಯವಾಗಿ ಪೆರೆನ್ನಿಸ್ ಅನ್ನೋ ಇನ್ನೊಂದು ಲುಡ್ವಿಜಿಯಾ, ಆಕ್ಟೋವಾಲ್ವಿಸ್ ಅಂತೂ ಅಲ್ಲ. ಎಂಟಿದ್ದರೆ ಆಕ್ಟೋವಾಲ್ವಿಸ್ ಇರಬಹುದು, ಅದೇ ಕುಲದ ಹಿಸೋಪಿಫೋಲಿಯಾನೂ ಇರಬಹುದು. ಆಗ ಬಲಿತ ಕಾಯಿ ಕಿತ್ತು ಉದ್ದಕ್ಕೆ ಸೀಳಿ. ಆಕ್ಟೋವಾಲ್ವಿಸ್‌ನಲ್ಲಿ ಸಣ್ಣ ಬೀಜಗಳು ಹಲವು ಸಾಲಲ್ಲಿ ಬಿಡಿಬಿಡಿಯಾಗಿ ತುಂಬಿರುತ್ತವೆ, ಬೆರಳಿಗೆ ಪುಡಿಯ ಹಾಗೆ ಅಂಟುತ್ತವೆ. ಹಿಸೋಪಿಫೋಲಿಯಾದ ಕಾಯಿ ತುದಿಯಲ್ಲಿ ಉಬ್ಬಿರುತ್ತದೆ. ಅದರೊಳಗೆ ಎರಡು ಥರ ಬೀಜ: ಮೇಲ್ಭಾಗದಲ್ಲಿ ಬಿಡಿ, ಕೆಳಭಾಗದಲ್ಲಿ ಒಂದೊಂದೂ ಗಟ್ಟಿ ಹೊದಿಕೆಯಲ್ಲಿ ಕೂತು ಒಂದೇ ಸಾಲು. ಇದನ್ನು ಯಾವ ಫೋಟೋ ತೋರಿಸೀತು ಹೇಳಿ?

ಕಾಯಿ ಇನ್ನೂ ಕಟ್ಟಿಲ್ಲವಾ? ಎಸಳು ನೋಡಿ. ಹಿಸೋಪಿಫೋಲಿಯಾದ್ದು ಎರಡು-ಮೂರು ಮಿಲಿಮೀಟರ್ ಅಷ್ಟೇ, ಆಕ್ಟೋವಾಲ್ವಿಸ್‌ನದ್ದು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ದೊಡ್ಡದು. ಗಿಡದ ಹತ್ತಿರವೇ ನೋಡಿಬಿಡಿ, ಮನೆಗೆ ತರುವಷ್ಟರಲ್ಲಿ ಎಸಳು ಉದುರಿರುತ್ತದೆ. ನೀಲಗಿರಿ, ಮುನ್ನಾರ್ ಕಡೆಯ ಜವುಗಿನಲ್ಲಾದರೆ ಇನ್ನೊಂದು ಎಚ್ಚರ ಬೇಕು. ದಕ್ಷಿಣ ಅಮೆರಿಕದಿಂದ ಬಂದ ಪೆರುವಿಯಾನಾ ಅನ್ನೋ ಲುಡ್ವಿಜಿಯಾ ಅಲ್ಲಿ ದಟ್ಟವಾಗಿ ಹಬ್ಬಿದೆ. ಅದರ ಹೂ ಇನ್ನೂ ದೊಡ್ಡದು, ಮೈತುಂಬ ರೋಮ, ಕಾಯಿ ಮಾತ್ರ ಗಿಡ್ಡ.