ಠ ಅಕ್ಷರದ ಚುಕ್ಕೆ ಕಾಣುತ್ತದೆಯೇ? ಕರಡು ತಿದ್ದುವವಳ ಮೊದಲ ಟ್ಯಾಬ್ಲೆಟ್

ಅಂಗಡಿಯವರು ಟ್ಯಾಬ್ಲೆಟ್ ಕೈಗೆ ಕೊಟ್ಟು ಒಂದು ಸಮುದ್ರದ ವಿಡಿಯೊ ಹಾಕಿದರು. ‘ಮೇಡಂ, ಬಣ್ಣ ನೋಡಿ’ ಎಂದರು. ನನಗೆ ಬಣ್ಣ ಬೇಕಿರಲಿಲ್ಲ. ಮೊಬೈಲಿನಲ್ಲಿದ್ದ ಪಿಡಿಎಫ್ ಒಂದನ್ನು ಅದಕ್ಕೆ ಕಳಿಸಿ, ಬಿಳಿಯ ಮೇಲೆ ಕಪ್ಪು ಅಕ್ಷರ ಹೇಗೆ ಕೂರುತ್ತದೆ ಎಂದು ನೋಡಿದೆ. ಒಂದು ಸಾಲನ್ನು ಹಿಗ್ಗಿಸಿದಾಗ ಒತ್ತಕ್ಷರಗಳು ನಿಚ್ಚಳವಾಗಿ ಕಂಡವು. ಅಷ್ಟು ಸಾಕೆನಿಸಿ ಹಣ ಕೊಟ್ಟೆ.

ಮೂವತ್ತು ವರ್ಷಗಳಿಂದ ಧಾರವಾಡದಲ್ಲಿ ಕನ್ನಡ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ಮುಂಚೆ ಮುದ್ರಣಾಲಯದ ಹುಡುಗ ಸೈಕಲ್ಲಿನ ಮೇಲೆ ಕರಡಿನ ಕಟ್ಟು ತಂದು, ಎರಡು ದಿನ ಬಿಟ್ಟು ಬಂದು ಒಯ್ಯುತ್ತಿದ್ದ. ಈಗ ಎಲ್ಲವೂ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಮೊಬೈಲಿನಲ್ಲಿ ಸಾಲು ಸಾಲನ್ನೂ ಎಡಕ್ಕೆ ಬಲಕ್ಕೆ ಸರಿಸಿ ಓದುತ್ತ ಕಣ್ಣು ಉರಿಯತೊಡಗಿದ ಮೇಲೆ, ಕಳೆದ ಜೂನಿನಲ್ಲಿ ಸುಭಾಸ ರಸ್ತೆಯಲ್ಲಿ 11,500 ರೂಪಾಯಿ ಕೊಟ್ಟು ಇದನ್ನು ಕೊಂಡೆ. 8.7 ಇಂಚಿನ ಪರದೆ, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸಿಮ್ ಹಾಕುವ ಸೌಲಭ್ಯ. ಪೆಟ್ಟಿಗೆಯಲ್ಲಿ ವೈರ್ ಇತ್ತು, ಚಾರ್ಜರ್ ಇರಲಿಲ್ಲ. ಅದನ್ನು ಬೇರೆಯಾಗಿ ಕೊಳ್ಳಬೇಕೆಂದು ಬಿಲ್ ಹರಿದ ಮೇಲೆ ಹೇಳಿದರು. ಮೊದಲೇ ಹೇಳಬೇಕಾದ ಮಾತು ಅದು.

ನಮ್ಮ ಕಡೆ ಕಥೆ, ಕಾದಂಬರಿ, ವಿಮರ್ಶೆ ಹೆಚ್ಚಾಗಿ ಬರುವುದು ಡೆಮಿ 1/8 ಆಕಾರದಲ್ಲಿ. ಎಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಈ ಟ್ಯಾಬ್ಲೆಟ್ ಪರದೆಯ ಅಗಲ ಸುಮಾರು ನಾಲ್ಕೂವರೆ ಇಂಚು. ಆದ್ದರಿಂದ ಇಡೀ ಪುಟವನ್ನು ತೆರೆದರೆ ಅಕ್ಷರ ಐದರಲ್ಲಿ ಒಂದು ಪಾಲು ಕುಗ್ಗುತ್ತದೆ. 12 ಪಾಯಿಂಟಿನದು ಹತ್ತಕ್ಕಿಂತ ಕೆಳಗಿಳಿಯುತ್ತದೆ. ಇಂಗ್ಲಿಷ್ ಓದುವವರಿಗೆ ಇದು ಬಾಧಿಸಲಿಕ್ಕಿಲ್ಲ. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಬೇಕು, ಕೆಳಗೆ ಒತ್ತು ಬೇಕು, ಹೊಟ್ಟೆಯೊಳಗೆ ಚುಕ್ಕೆ ಬೇಕು, ಬುಡದಲ್ಲಿ ಸೀಳು ಬೇಕು. 1340×800 ಪಿಕ್ಸೆಲ್‌ಗಳ ಪರದೆಯಲ್ಲಿ ಒಂದು ಇಂಚಿಗೆ ಸಿಗುವುದು 180ರಷ್ಟು ಬಿಂದು; ಸಾಮಾನ್ಯ ಲೇಸರ್ ಪ್ರಿಂಟರ್ 600 ಬಿಂದು ಕೊಡುತ್ತದೆ. ಹೀಗಾಗಿ ಠ ಅಕ್ಷರದ ಚುಕ್ಕೆಯ ಪಾಲಿಗೆ ಬರುವುದು ಎರಡೋ ಮೂರೋ ಪಿಕ್ಸೆಲ್.

ಈ ಲೆಕ್ಕ ನನಗೆ ತಿಳಿದದ್ದು ಒಂದು ತಪ್ಪಾದ ಮೇಲೆ. ಊರಿನ ಹಳೆಯ ಓಣಿಗಳನ್ನು ಕುರಿತ ಪುಸ್ತಕದ ಎರಡನೆಯ ಕರಡನ್ನು ಪೂರ್ತಿ ಟ್ಯಾಬ್ಲೆಟ್‌ನಲ್ಲೇ ನೋಡಿ ಕಳಿಸಿದ್ದೆ. ಮೂರನೆಯದು ಕಾಗದದಲ್ಲಿ ಬಂತು. ‘ಮಠದ ಅಂಗಳ’ ಇರಬೇಕಾದಲ್ಲಿ ‘ಮರದ ಅಂಗಳ’ ಎಂದಿತ್ತು, ಅದೂ ಎರಡು ಕಡೆ. ಪರದೆಯಲ್ಲಿ ಆ ಸಾಲುಗಳನ್ನು ನಾನು ದಾಟಿ ಹೋಗಿದ್ದೆ. ಮಠವನ್ನು ಬಲ್ಲ ಮನಸ್ಸು, ಕಾಣದ ಚುಕ್ಕೆಯನ್ನು ತಾನೇ ಇಟ್ಟುಕೊಂಡು ಓದಿತ್ತು. ಆ ಪುಸ್ತಕ ಹಾಗೆಯೇ ಅಚ್ಚಾಗಿದ್ದರೆ ಲೇಖಕರ ಮುಂದೆ ನಿಲ್ಲುವುದು ಹೇಗಿತ್ತು ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಪರಿಹಾರ ಸಿಕ್ಕಿತು, ಅದೂ ಖರ್ಚಿಲ್ಲದೆ. ರೀಡ್‌ಎರಾ ಎಂಬ ಉಚಿತ ಆ್ಯಪ್‌ನಲ್ಲಿ ಪುಟದ ಅಂಚನ್ನು ಕತ್ತರಿಸಿ ತೋರಿಸುವ ಅನುಕೂಲವಿದೆ. ಸುತ್ತಲಿನ ಖಾಲಿ ಜಾಗ ಹೋದರೆ ಉಳಿಯುವ ಬರಹದ ಅಗಲ ನಾಲ್ಕೂಕಾಲು ಇಂಚು. ಅದು ಪರದೆಗೆ ಸರಿಯಾಗಿ ಕೂರುತ್ತದೆ, ಅಕ್ಷರ ಅಚ್ಚಿನ ಗಾತ್ರಕ್ಕೇ ಬರುತ್ತದೆ. ಅಂಕಣಗಳಿರುವ ಪುಟವಾದರೆ ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದುತ್ತೇನೆ. ನಿಧಾನವಾಗುತ್ತದೆ. ಕರಡು ನೋಡುವವರಿಗೆ ನಿಧಾನ ಕೆಟ್ಟದ್ದಲ್ಲ.

ತಿದ್ದಿ ಬರೆಯುವುದು ಬೇರೆಯೇ ಕಷ್ಟ. ಈ ಬೆಲೆಯ ಟ್ಯಾಬ್ಲೆಟ್‌ಗೆ ಪೆನ್ನಿನ ತುದಿಯನ್ನು ಗುರುತಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ. ರಬ್ಬರ್ ತುದಿಯ ಕಡ್ಡಿ ತಂದೆ. ಅದು ಬೆರಳಿನಷ್ಟೇ ದಪ್ಪ ಗೆರೆ ಎಳೆಯುತ್ತದೆ, ಅಂಗೈ ತಾಗಿದರೆ ಪುಟವೇ ಜಾರುತ್ತದೆ. ಎರಡು ಅಕ್ಷರಗಳ ನಡುವೆ ಹಂಸಪಾದ, ಎಂದರೆ ಬಿಟ್ಟುಹೋದದ್ದನ್ನು ಸೇರಿಸುವ ಗುರುತು, ಹಾಕಲು ಹೋದರೆ ಅದು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತಿತ್ತು. ಮೊದಲು ಪುಟವನ್ನು ಹಿಗ್ಗಿಸು, ಗುರುತು ಹಾಕು, ಮತ್ತೆ ಕುಗ್ಗಿಸು. ಒಂದು ಪುಟಕ್ಕೆ ಹತ್ತು ತಿದ್ದುಪಡಿ ಇದ್ದರೆ ಮಣಿಕಟ್ಟು ನೋಯುತ್ತದೆ. ಕೊನೆಗೆ ಹಳೆಯ ರೂಲ್ ಪುಸ್ತಕವನ್ನೇ ಪಕ್ಕದಲ್ಲಿಟ್ಟುಕೊಂಡೆ. ಪುಟ, ಸಾಲು, ತಪ್ಪು, ಒಪ್ಪು ಎಂದು ಬರೆದು ಅದರ ಚಿತ್ರ ತೆಗೆದು ಕಳಿಸುತ್ತೇನೆ. ಡಿಟಿಪಿ ಮಾಡುವ ಹುಡುಗಿ ‘ಅಕ್ಕಾ, ಇದೇ ನನಗೆ ಸುಲಭ’ ಎಂದಳು.

ಇನ್ನೊಂದು ವಿಷಯ ಟ್ಯಾಬ್ಲೆಟ್‌ನ ದೋಷವಲ್ಲ, ನಮ್ಮದೇ ಹಳೆಯ ಗಾಯ. ಮುದ್ರಣಾಲಯಗಳಲ್ಲಿ ಇವತ್ತಿಗೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಜೋಡಿಸುವವರಿದ್ದಾರೆ. ಅವರ ವರ್ಡ್ ಕಡತವನ್ನು ಇದರಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಪಿಡಿಎಫ್‌ನಲ್ಲಿ ಫಾಂಟು ಜೊತೆಗೇ ಬರುವುದರಿಂದ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಆದರೆ ಒಳಗಿರುವುದು ಅದೇ ರಾಶಿ. ‘ಮರದ’ ಎಂಬ ಪದ ಇನ್ನೆಲ್ಲೆಲ್ಲಿ ಬಂದಿದೆ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿ ಜೋಡಿಸಿದ ಪುಸ್ತಕದಲ್ಲಿ ಇದೇ ಹುಡುಕಾಟ ಬಹುಮಟ್ಟಿಗೆ ನಡೆಯುತ್ತದೆ. ನನ್ನಂಥವರ ಅರ್ಧ ದಿನದ ದುಡಿಮೆ ಉಳಿಯುತ್ತದೆ. ಪ್ರಕಾಶಕರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಕನ್ನಡ ಕೈಬರಹವನ್ನು ಗೂಗಲ್ ಕೀಲಿಮಣೆ ಚೆನ್ನಾಗಿ ಹಿಡಿಯುತ್ತದೆ. ಬೆರಳಿನಿಂದ ‘ಕೃಷ್ಣ’ ಎಂದು ಬರೆದರೆ ಹಾಗೆಯೇ ಮೂಡುತ್ತದೆ. ಅವಸರದಲ್ಲಿ ಬರೆದಾಗ ಮಾತ್ರ ನನ್ನ ಷ, ಪ ಆಗುತ್ತದೆ. ಬ್ಯಾಟರಿ ಒಂದು ದಿನದ ಓದಿಗೆ ಸಾಕು. ಅಂಗಳದ ಬಿಸಿಲಿನಲ್ಲಿ ಪರದೆ ಕನ್ನಡಿಯಾಗುತ್ತದೆ, ಒಳಗೇ ಕೂರಬೇಕು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟಿದ್ದು ಕಿಟ್ಟೆಲ್ ನಿಘಂಟು. 1894ರ ಆ ಗ್ರಂಥದ 1,700ಕ್ಕೂ ಹೆಚ್ಚು ಪುಟಗಳು ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿವೆ. ಇಳಿಸಿಕೊಂಡೆ. ಕಡತ ಭಾರವಾದ್ದರಿಂದ ಪುಟ ತಿರುವಿದರೆ ಎರಡು ಮೂರು ಕ್ಷಣ ಬಿಳಿಯಾಗಿಯೇ ಇರುತ್ತದೆ, ಆಮೇಲೆ ಮೇಲಿನಿಂದ ಕೆಳಗೆ ತುಂಬಿಕೊಳ್ಳುತ್ತದೆ. ಒಂದು ಪದದ ಅನುಮಾನಕ್ಕೆ ಗ್ರಂಥಾಲಯದ ತನಕ ನಡೆದು ಹೋಗುತ್ತಿದ್ದವಳಿಗೆ ಆ ಕ್ಷಣಗಳು ಭಾರವಲ್ಲ.

ಈಗ ಮೊದಲೆರಡು ಕರಡು ಇದರಲ್ಲಿ, ಕೊನೆಯದು ಕಾಗದದಲ್ಲಿ ಎಂದು ಮುದ್ರಣಾಲಯದವರಿಗೆ ಹೇಳಿಬಿಟ್ಟಿದ್ದೇನೆ. ಕನ್ನಡ ಓದುವುದಕ್ಕೆಂದೇ ಕೊಳ್ಳುವವರು ಅಂಗಡಿಗೆ ಹೋಗುವಾಗ ‘ಪಾಠ’, ‘ಧ್ಯಾನ’, ‘ಷಷ್ಠಿ’ಯಂಥ ಪದಗಳಿರುವ ಒಂದು ಪುಟವನ್ನು ಮೊಬೈಲಿನಲ್ಲಿ ಒಯ್ಯಿರಿ. ಅದನ್ನು ಹಿಗ್ಗಿಸದೆ, ಇಡೀ ಪುಟವಾಗಿ ತೆರೆದು, ಓದುವ ಕನ್ನಡಕ ಹಾಕಿಕೊಂಡು ನೋಡಿ. ನಾನು ಹಿಗ್ಗಿಸಿದ ಸಾಲನ್ನಷ್ಟೇ ನೋಡಿ ಬಂದಿದ್ದೆ.